ನಮ್ಮ ಪ್ರವಾಸದ ಅಂದಾಜು ಪಟ್ಟಿ

ಪ್ರವಾಸದ ವಿಚಾರವನ್ನು ಬರೆಯುವವರು ಸಾಮಾನ್ಯವಾಗಿ ಪ್ರವಾಸ ಮುಗಿಸಿ ಬಂದ ಮೇಲೆ ಬರೆಯುತ್ತಾರೆ. ನಾನಾದರೋ ಹೊರಡುವುದಕ್ಕೆ ಮೊದಲೇ ಬರೆಯಲು ಕುಳಿತಿದ್ದೇನೆ. ಇದಕ್ಕೆ ಕಾರಣಗಳು ಎರಡು. ವಾರ್ಷಿಕ ಸಂಚಿಕೆಗೆ ಲೇಖನ ಒಪ್ಪಿಸಲು ಸಂಪಾದಕ ಸಮಿತಿಯವರು ಗೊತ್ತುಮಾಡಿರುವ ದಿನ ನಮ್ಮ ಪ್ರವಾಸದ ದಿನಕ್ಕಿಂತ ಮುಂಚೆಯೇ ಬರುತ್ತದೆ ಎಂಬುದು ಮೊದಲನೆಯದು. ಎರಡನೆಯದನ್ನು ಇಲ್ಲಿಯೇ ಹೇಳಿಬಿಟ್ಟರೆ ವಾಚಕ ಮಹಾಶಯರು ಮುಂದಿನ ಪುಟವನ್ನು ತಿರುವುವ ಶ್ರಮ ತೆಗೆದುಕೊಳ್ಳಲಾರರು. ಅದು ತನ್ನ ಸ್ಥಳದಲ್ಲಿಯೇ ಬರಲಿ.

ನಾವು ಅಂತಿಮ ಬಿ.ಎ. ತರಗತಿಯ ಆರು ಮಂದಿ. ಮೂರು ವರ್ಷ ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಪುಸ್ತಕವನ್ನು ಆರು ಜನ ಓದಿ, ಪರೀಕ್ಷೆಯ ಹಿಂದಿನ ದಿನ ಅದು ಯಾರ ಬಳಿ ಇದೆಯೆಂದು ಹುಡುಕಾಡಿದವರು. ಇನ್ನು ಕೆಲವೇ ತಿಂಗಳಲ್ಲಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಅಷ್ಟರೊಳಗೆ ಒಂದು ರಾತ್ರಿಯನ್ನಾದರೂ ಒಟ್ಟಿಗೆ, ಮನೆಯ ಮಾಡಿಲ್ಲದ ಕಡೆ, ಆಕಾಶದ ಕೆಳಗೆ ಕಳೆಯಬೇಕೆಂಬ ಆಸೆ ನಮಗೆ ಹುಟ್ಟಿತು. ಆಸೆಯನ್ನು ಹುಟ್ಟಿಸಿದವನು ಕೊಪ್ಪದ ಗೆಳೆಯ. ಅವನು ಒಂದು ದಿನ ಮಧ್ಯಾಹ್ನ ಮೊಬೈಲನ್ನು ನಮ್ಮ ಮುಂದೆ ಹಿಡಿದು, “ಇದನ್ನು ನೋಡಿರಯ್ಯ, ಕಾರವಾನ್ ಅಂತೆ!” ಎಂದನು.

ನೋಡಿದೆವು. ಬಸ್ಸಿನಂಥ ವಾಹನ, ಅದರೊಳಗೆ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ, ಸ್ನಾನದ ಮನೆ. ಮನಸ್ಸು ಬಂದ ಕಡೆ ನಿಲ್ಲಿಸುವುದು, ಅಲ್ಲಿಯೇ ಬೇಯಿಸಿ ಉಂಡು ಮಲಗುವುದು. ನೆರೆಯ ಕೇರಳದ ಸರಕಾರವು 2021ರಲ್ಲಿ ಇಂಥ ವಾಹನಗಳ ಪ್ರವಾಸಕ್ಕೆಂದೇ ಒಂದು ಯೋಜನೆಯನ್ನು ಹೊರಡಿಸಿತು. ಅಮೆರಿಕದಲ್ಲಿ ಜನರು ಇಂಥ ಮನೆಗಾಡಿಗಳಲ್ಲಿ ಸರೋವರಗಳಿಗೆ ಹೋಗಿ, ದಡದಲ್ಲಿ ಗಾಳ ಹಾಕಿಕೊಂಡು ವಾರಗಟ್ಟಲೆ ಕುಳಿತಿರುತ್ತಾರೆಂದೂ ಅವನು ವಿವರಿಸಿದನು. ಬಾಡಿಗೆ ಎಷ್ಟೆಂದು ಕೇಳಿದೆವು. ಅವನು ಹೇಳಿದ ಮೊತ್ತವನ್ನು ಕೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

“ಅಷ್ಟಕ್ಕೆಲ್ಲ ಹೆದರುವುದೇಕೆ? ಅಡಿಕೆ ಸಾಗಿಸುವ ನಮ್ಮ ಪಿಕಪ್ ಇಲ್ಲವೇ? ಮೇಲೊಂದು ತಾಡಪತ್ರಿ ಬಿಗಿದು ಒಳಗೆ ಹುಲ್ಲು ಹಾಸಿ ಚಾಪೆ ಹಾಕಿದರೆ ಅದೇ ಕಾರವಾನ್” ಎಂದು ಕೊಪ್ಪದ ಗೆಳೆಯ ಘೋಷಿಸಿದನು. ಅಂದೇ ಒಂದು ಸಮಿತಿ ರಚನೆಯಾಯಿತು. ವಾಹನದ ಒಡೆಯನ ಮಗನಾದ್ದರಿಂದ ಅವನೇ ಅಧ್ಯಕ್ಷ. ಅರ್ಥಶಾಸ್ತ್ರದಲ್ಲಿ ಹೆಚ್ಚು ಅಂಕ ಪಡೆದವನು ಖಜಾಂಚಿ. ಇನ್ನೊಬ್ಬ ನಮ್ಮ ಕವಿಮಿತ್ರ. ಅವನಿಗೆ ಪದವಿ ಬೇಡವಾಗಿತ್ತು, ಬೆಳದಿಂಗಳು ಬೇಕಾಗಿತ್ತು. ಮತ್ತೊಬ್ಬನು ಯಾರು ಏನು ಹೇಳಿದರೂ “ಆಗಬಹುದು” ಎನ್ನುವವನಾದ್ದರಿಂದ ಅವನನ್ನು ಅನುಮೋದಕನೆಂದು ಕರೆದೆವು. ಐದನೆಯವನು ಶೃಂಗೇರಿಯವನು. ನನ್ನ ಅಕ್ಷರ ದುಂಡಾಗಿದೆಯೆಂಬ ಕಾರಣಕ್ಕೆ ನಾನು ಕಾರ್ಯದರ್ಶಿ.

ಹೋಗುವುದು ಎಲ್ಲಿಗೆ? ಗಾಳವಂತೂ ಹಾಕಲೇಬೇಕು ಎಂದು ಅಧ್ಯಕ್ಷನ ಹಟ. ತುಂಗೆಯ ದಡಕ್ಕೆ ಹೋಗೋಣವೆಂದು ಅನುಮೋದಕ ಮೊದಲ ಬಾರಿಗೆ ಸ್ವಂತ ಅಭಿಪ್ರಾಯ ಹೇಳಿದನು. ಶೃಂಗೇರಿಯ ಗೆಳೆಯ ಕಿವಿ ಮುಚ್ಚಿಕೊಂಡನು. ಅವನ ಊರಿನಲ್ಲಿ ಮಠದ ಸೋಪಾನದ ಕೆಳಗಿನ ಮಡುವಿನಲ್ಲಿ ತೊಡೆಗಾತ್ರದ ಮೀನುಗಳು ಮನುಷ್ಯರ ನೆರಳನ್ನು ಕಂಡರೆ ಓಡಿಹೋಗುವುದಿಲ್ಲ, ಹತ್ತಿರ ಬರುತ್ತವೆ. ಯಾತ್ರಿಕರು ಎರಚುವ ಮಂಡಕ್ಕಿಗೆ ಬಾಯಿ ತೆರೆಯುತ್ತವೆ. ಅಲ್ಲಿ ಮೀನು ಹಿಡಿಯುವುದಿಲ್ಲ. ಅದು ತಲೆತಲಾಂತರದ ಕಟ್ಟಳೆ. “ತುಂಗೆಯ ಮಾತು ಎತ್ತಿದರೆ ನಾನು ಬರುವುದಿಲ್ಲ. ಬೇರೆಲ್ಲಾದರೂ ಹೋಗಿ, ನಿಮ್ಮ ಗಾಳಕ್ಕೆ ಕೈ ಹಚ್ಚುವುದಿಲ್ಲ, ಅನ್ನ ಸಾರು ಮಾಡಿ ಹಾಕುತ್ತೇನೆ” ಎಂದನು. ಹೀಗೆ ಅಡಿಗೆಯವನೂ ದೊರೆತನು.

ಆಗ ಖಜಾಂಚಿ ನನ್ನ ಕಡೆ ತಿರುಗಿ, “ನರಸಿಂಹರಾಜಪುರದ ಹಿನ್ನೀರು ಇದೆಯಲ್ಲ, ನಿನ್ನ ಸೀಮೆಯೇ ಅಲ್ಲವೇ?” ಎಂದನು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ, ಒಪ್ಪದಿರಲು ಕಾರಣ ಹೇಳಬೇಕಾಗುತ್ತಿತ್ತು.

ತುಂಗೆ ಭದ್ರೆಯರು ಗಂಗಾಮೂಲದಲ್ಲಿ ಒಂದೇ ಬೆಟ್ಟದ ಮಡಿಲಿನಲ್ಲಿ ಹುಟ್ಟುತ್ತಾರೆ. ಕೂಡಲಿಯಲ್ಲಿ ಮತ್ತೆ ಕೂಡುತ್ತಾರೆ. ನಡುವಿನ ದಾರಿಯಲ್ಲಿ ಅಕ್ಕ ತಂಗಿಯರ ಹಣೆಬರಹ ಬೇರೆ ಬೇರೆ. ತುಂಗೆ ಶೃಂಗೇರಿಯನ್ನು ಬಳಸಿ ಹರಿದರೆ, ಭದ್ರೆ ಬಾಳೆಹೊನ್ನೂರನ್ನು ದಾಟಿ ಬಂದು ನಮ್ಮ ನರಸಿಂಹರಾಜಪುರದ ಬಳಿ ಹರಿಯುವುದನ್ನೇ ಮರೆತು ನಿಂತುಬಿಡುತ್ತಾಳೆ. ಲಕ್ಕವಳ್ಳಿಯಲ್ಲಿ ಅವಳಿಗೆ ಅಡ್ಡಲಾಗಿ ಕಟ್ಟಿದ ಅಣೆ 1965ರಲ್ಲಿ ಪೂರ್ಣವಾಯಿತು. ಅದರ ಪೂರ್ಣ ಮಟ್ಟ 186 ಅಡಿ. ತುಂಬಿದಾಗ ಹಿಡಿಯುವ ನೀರು 71 ಟಿ.ಎಂ.ಸಿ.ಗೂ ಹೆಚ್ಚು. ಆ ನೀರು ಹಲವರ ಗದ್ದೆ ತೋಟಗಳನ್ನು ನುಂಗಿತು. ದಾವಣಗೆರೆಯ ಕಡೆಯ ಹಲವರ ಗದ್ದೆಗಳನ್ನು ಹಸಿರು ಮಾಡಿತು. ಹಿಂದೆ ಎಡೇಹಳ್ಳಿಯೆಂದು ಕರೆಯುತ್ತಿದ್ದ ನಮ್ಮ ಊರು ಮೈಸೂರಿನ ಯುವರಾಜರ ಹೆಸರನ್ನು ಪಡೆದದ್ದು ಮೊದಲು. ಕಡಲಿನಂಥ ನೀರನ್ನು ಪಡೆದದ್ದು ಆಮೇಲೆ. ಆಚೆಯ ದಡದಲ್ಲಿ ದಟ್ಟವಾದ ಕಾಡು; ಅದು 1998ರಿಂದ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಚಿತ್ರದಲ್ಲಿ ನೋಡಿದರೆ ಅಮೆರಿಕದ ಸರೋವರವೆಂದೇ ಹೇಳಬೇಕು. ನಮ್ಮ ಅಧ್ಯಕ್ಷ ಹಾಗೆಯೇ ಹೇಳಿದನು.

ಮೊದಲ ವಿಘ್ನ ವಾಹನದ್ದು. ನಮ್ಮ ಯೋಜನೆಯನ್ನು ಕೇಳಿದ ರಾಜ್ಯಶಾಸ್ತ್ರದ ಅಧ್ಯಾಪಕರು ನಕ್ಕು, “ಸರಕು ಸಾಗಿಸುವ ಗಾಡಿಯಲ್ಲಿ ಮನುಷ್ಯರನ್ನು ತುಂಬಿಕೊಂಡು ಹೋಗುವುದು ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪರಾಧ. ನೀವು ಸರಕೋ ಮನುಷ್ಯರೋ ಮೊದಲು ತೀರ್ಮಾನಿಸಿಕೊಳ್ಳಿ” ಎಂದರು. ದೀರ್ಘ ಚರ್ಚೆಯ ನಂತರ ನಾವು ಮನುಷ್ಯರೆಂದು ಬಹುಮತದಿಂದ ತೀರ್ಮಾನವಾಯಿತು. ಆದ್ದರಿಂದ ಪಾತ್ರೆ, ಚಾಪೆ, ಅಕ್ಕಿಯ ಚೀಲಗಳು ಅಧ್ಯಕ್ಷನ ಅಣ್ಣನೊಡನೆ ಪಿಕಪ್ಪಿನಲ್ಲಿ, ನಾವು ಬಸ್ಸಿನಲ್ಲಿ. ಬಸ್ಸಿನ ಮಾತು ಬಂದಾಗ ಎಲ್ಲರಿಗೂ ಸಹಕಾರ ಸಾರಿಗೆಯ ನೆನಪಾಯಿತು. ಕಾರ್ಮಿಕರೇ ಒಡೆಯರಾಗಿ 1991ರಲ್ಲಿ ನಮ್ಮ ಕೊಪ್ಪದಲ್ಲಿ ಆರಂಭಿಸಿದ ಆ ಸಂಸ್ಥೆಯ ಬಸ್ಸುಗಳು 2020ರಲ್ಲಿ ನಿಂತುಹೋದವು. ಅದರ ಬಸ್ಸಿನಲ್ಲಿ ಶಾಲೆಗೆ ಹೋದವರೇ ನಾವೆಲ್ಲ. ಏನೇ ಆಗಲಿ, ನಿಲ್ಲಿಸಿದ ಗಾಡಿಯಲ್ಲಿ ಮಲಗುವುದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲವೆಂದು ತಿಳಿದ ಮೇಲೆ ನಮ್ಮ ಕಾರವಾನಿಗೆ ಅರ್ಧ ಪ್ರಾಣ ಉಳಿಯಿತು.

ಅನಂತರ ಅಂದಾಜು ಪಟ್ಟಿ. ತಲೆಗೆ 400ರಂತೆ ಆರು ಜನರಿಗೆ 2400 ರೂಪಾಯಿ. ಖಜಾಂಚಿ ಹೇಳುತ್ತ ಹೋದನು, ನಾನು ಬರೆಯುತ್ತ ಹೋದೆ. ಡೀಸೆಲ್ ಮತ್ತು ಬಸ್ಸಿನ ಖರ್ಚು 700. ದಿನಸಿ 600. ತಾಡಪತ್ರಿಯ ಬಾಡಿಗೆ 200. ಗಾಳ ಮತ್ತು ದಾರ 150. ಟಾರ್ಚಿನ ಬ್ಯಾಟರಿ 100. “ಹರಿಗೋಲು ಮತ್ತು ಹರಿಗೋಲಿನವನು: ಸಾಯಂಕಾಲ, ರಾತ್ರಿ, ಬೆಳಗ್ಗೆ ಸೇರಿ 300” ಎಂದನು. ನನ್ನ ಪೆನ್ನು ನಿಂತಿತು.

“ಸಾಲದೆ?” ಎಂದು ಕೇಳಿದನು.

ನಾನು ಕೊಟ್ಟ ಉತ್ತರವನ್ನು ಈ ಪುಟದಲ್ಲಿ ಅಚ್ಚು ಮಾಡಿಸುವುದು ನನಗೆ ಸುಖದ ಕೆಲಸವಲ್ಲ. “300 ಯಾಕೆ? ಅಲ್ಲಿನವರು 250ಕ್ಕೆ ಬರುತ್ತಾರೆ” ಎಂದೆ. ಊರಿನವನು ಹೇಳಿದ ಮೇಲೆ ಮಾತೇನು? ಖಜಾಂಚಿ ಸಂತೋಷದಿಂದ 250 ಎಂದು ಬರೆಸಿ, ಉಳಿದ 400ನ್ನು ಇತರೆ ಖರ್ಚಿಗೆ ಹಾಕಿಸಿದನು. “ಒಬ್ಬ ಒಳ್ಳೆಯ ಹರಿಗೋಲಿನವನನ್ನು ನೀನೇ ಗೊತ್ತುಮಾಡು” ಎಂಬ ನಿರ್ಣಯವೂ ಆಯಿತು. ಅನುಮೋದಕ ಅನುಮೋದಿಸಿದನು.

ಈಗ ವಾಚಕರಿಗೆ ಹೇಳಬೇಕಾದುದನ್ನು ಹೇಳುತ್ತೇನೆ. ನನ್ನ ತಂದೆ ಆ ಹಿನ್ನೀರಿನ ಮೀನುಗಾರರು. ನನ್ನ ಅಜ್ಜ ಅಣೆಕಟ್ಟಿನ ಕೆಲಸಕ್ಕೆ ಕಲ್ಲು ಹೊರಲು ಬಂದವರು. ಅಣೆ ಮುಗಿಯಿತು, ನೀರು ನಿಂತಿತು, ಅವರೂ ನಿಂತರು. ಅವರ ಹರಿಗೋಲು ನನ್ನ ತಂದೆಗೆ ಬಂದಿತು. ಇಲಾಖೆಯ ಪರವಾನಗಿ ಪಡೆದು, ಸಾಯಂಕಾಲ ಬಲೆ ಬಿಟ್ಟು, ನಸುಕಿನಲ್ಲಿ ಎತ್ತಿ, ಕಾಟ್ಲಾ ರೋಹುಗಳನ್ನು ಮಾರಿ ಅವರು ನನ್ನನ್ನು ಓದಿಸಿದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮೂರು ವರ್ಷವೂ ಅರ್ಜಿಯ ಹಾಳೆಯಲ್ಲಿ “ತಂದೆಯ ಉದ್ಯೋಗ” ಎಂಬ ಸಾಲಿನ ಮುಂದೆ ನಾನು “ಕೃಷಿ” ಎಂದು ಬರೆದಿದ್ದೇನೆ. ಗೆಳೆಯರೂ ಹಾಗೆಯೇ ತಿಳಿದಿದ್ದರು. ಯಾರೂ ನನ್ನನ್ನು ಹೀಯಾಳಿಸಿರಲಿಲ್ಲ. ಹೀಯಾಳಿಸಬಹುದೆಂಬ ಭಯ ನನ್ನದೇ ಸೃಷ್ಟಿ. ಅಂಗಿಗೆ ಮೀನಿನ ವಾಸನೆ ಇದೆಯೋ ಎಂದು ಸೋಮವಾರ ಬೆಳಗ್ಗೆ ಬಸ್ಸು ಹತ್ತುವ ಮೊದಲು ಮೂಸಿ ನೋಡಿಕೊಳ್ಳುತ್ತಿದ್ದೆ.

ಆ ಶನಿವಾರ ಊರಿಗೆ ಹೋದೆ. ತಂದೆ ಅಂಗಳದಲ್ಲಿ ಕುಳಿತು ಹರಿಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದರು. ಪ್ರವಾಸದ ಸುದ್ದಿ ಹೇಳಿದೆ. ಅವರಿಗೆ ಸಹಿ ಮಾಡುವಷ್ಟು ಮಾತ್ರ ಅಕ್ಷರ ಬರುತ್ತದೆ. “ಏನೇನು ಬರೆದಿದ್ದೀರಿ, ಓದು” ಎಂದರು. ಓದಿದೆ. ಒಂದೊಂದು ಬಾಬಿಗೂ ಅವರು ಕೈ ನಿಲ್ಲಿಸಿ ಯೋಚಿಸಿ ತಿದ್ದುತ್ತಿದ್ದರು. ನಮ್ಮ ಅಧ್ಯಾಪಕರು ಉತ್ತರಪತ್ರಿಕೆ ತಿದ್ದುವಾಗಲೂ ಅಷ್ಟು ಗಮನ ಕೊಡುತ್ತಾರೋ ಇಲ್ಲವೋ ಕಾಣೆ.

“ಗಾಡಿಯನ್ನು ದಡದವರೆಗೆ ತರಬೇಡಿ. ಈಗ ನಾಲೆಗೆ ನೀರು ಬಿಟ್ಟಿದ್ದಾರೆ, ದಡ ದಿನವೂ ಹಿಂದೆ ಸರಿಯುತ್ತದೆ. ನೀರು ಬಿಟ್ಟುಹೋದ ನೆಲ ಮೇಲೆ ಒಣಗಿದಂತೆ ಕಾಣುತ್ತದೆ, ಕೆಳಗೆ ಅಂಬಲಿ. ಚಕ್ರ ಹೂತರೆ ಎತ್ತಲು ಜೋಡಿ ಎತ್ತು ಬೇಕು. ಕೆಂಪು ಮಣ್ಣು ಕಂಡಲ್ಲಿಯೇ ನಿಲ್ಲಿಸಿ.”

“ಹರಿಗೋಲಿಗೆ ಒಮ್ಮೆಗೆ ಮೂವರು. ನಾಲ್ಕನೆಯವನು ಹತ್ತಿದರೆ ನಾಲ್ವರೂ ನೀರಿಗೆ. ಈಜು ಬಂದರೂ ಜೀವರಕ್ಷಕ ಅಂಗಿ ಬೇಕು. ಅಣೆ ತುಂಬುವ ಮೊದಲು ಕಡಿದ ಮರಗಳ ಬೊಡ್ಡೆ ಅಡಿಯಲ್ಲಿ ಇನ್ನೂ ಇವೆ. ನೀರು ಇಳಿದಾಗ ಹರಿಗೋಲಿನ ತಳವನ್ನು ಕೊಯ್ಯುತ್ತವೆ. ಮಧ್ಯಾಹ್ನ ಗಾಳಿ ಏಳುತ್ತದೆ. ಆಗ ನಡುನೀರಿಗೆ ಹೋಗಬಾರದು.”

“ಆಚೆಯ ದಡ ಹುಲಿಯ ಕಾಡು. ಅಲ್ಲಿ ಇಳಿಯುವಂತಿಲ್ಲ. ನಡುಗಡ್ಡೆಯ ಹತ್ತಿರವೂ ಹೋಗಬಾರದು; ಈಗ ಹಕ್ಕಿ ಮೊಟ್ಟೆ ಇಟ್ಟಿದೆ.” ಅವರು ಹೇಳಿದ್ದು ನದಿ ರೀವ ಎಂಬ ಹಕ್ಕಿಗಳನ್ನು. ಕಪ್ಪು ಟೋಪಿ, ಹಳದಿ ಕೊಕ್ಕಿನ ಆ ಹಕ್ಕಿಗಳು ಬೇಸಗೆಯಲ್ಲಿ ನೀರು ಇಳಿದು ನಡುಗಡ್ಡೆ ಮೇಲೆದ್ದಾಗ ಸಾವಿರಾರು ಸಂಖ್ಯೆಯಲ್ಲಿ ಬಂದು ಬರಿಯ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಜನ ಹತ್ತಿರ ಹೋದರೆ ತಾಯಿ ಹಾರುತ್ತದೆ. ನೆರಳು ತಪ್ಪಿದ ಮೊಟ್ಟೆ ಬಿಸಿಲಿಗೆ ಕೆಡುತ್ತದೆ, ಇಲ್ಲವೇ ಹದ್ದಿನ ಪಾಲಾಗುತ್ತದೆ. ಲಕ್ಕವಳ್ಳಿಯ ಪ್ರವಾಸಿ ಬಂಗಲೆಗೆ ಇದೇ ಹಕ್ಕಿಯ ಹೆಸರನ್ನು ಇಂಗ್ಲಿಷಿನಲ್ಲಿ ಇಟ್ಟಿದ್ದಾರೆ. ನನ್ನ ತಂದೆಗೆ ಆ ಇಂಗ್ಲಿಷು ಗೊತ್ತಿಲ್ಲ, ಹಕ್ಕಿ ಗೊತ್ತು.

ಕೊನೆಗೆ ಆ ಬಾಬು ಬಂದಿತು. ಬಿಟ್ಟು ಓದಬಹುದಾಗಿತ್ತು, ನಾಲಿಗೆ ತಾನಾಗಿಯೇ ಓದಿತು. “ಹರಿಗೋಲು ಮತ್ತು ಹರಿಗೋಲಿನವನು, 250.”

ತಂದೆ ಏನನ್ನೂ ತಿದ್ದಲಿಲ್ಲ. ಡಾಂಬರಿನ ಕಡ್ಡಿಯನ್ನು ಡಬ್ಬಿಯಲ್ಲಿ ಅದ್ದಿ ಇನ್ನೊಂದು ಸುತ್ತು ಬಳಿದರು. ಆಮೇಲೆ ತಲೆ ಎತ್ತದೆ, “ಈ ದುಡ್ಡಿಗೆ ಬೇರೆ ಯಾರೂ ಬರುವುದಿಲ್ಲ. ನಾನೇ ಬರುತ್ತೇನೆ. ನಾನು ಯಾರೆಂದು ನಿನ್ನ ಗೆಳೆಯರಿಗೆ ನೀನೇನೂ ಹೇಳಬೇಕಾಗಿಲ್ಲ” ಎಂದರು.

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರಿಗೆ ಎಂದಿನಿಂದ ತಿಳಿದಿತ್ತೋ! ವಾರ್ಷಿಕೋತ್ಸವಕ್ಕೆ ತಂದೆತಾಯಿಯರನ್ನು ಕರೆತರಬಹುದೆಂಬ ಕಾಗದವನ್ನು ನಾನು ಎರಡು ವರ್ಷ ಪುಸ್ತಕದಲ್ಲಿಯೇ ಇಟ್ಟುಕೊಂಡದ್ದು ಅವರಿಗೆ ಹೇಗೆ ತಿಳಿಯಬೇಕು? ಆದರೆ ನೀರಿನ ಮೇಲಿನ ಒಂದು ಗುಳ್ಳೆಯಿಂದ ಕೆಳಗಿನ ಮೀನನ್ನು ಗುರುತಿಸುವವರಿಗೆ ಮಗನ ಮುಖ ಓದುವುದು ಕಷ್ಟವೇ? ಅಂದು ರಾತ್ರಿ ಅವರು ಬಲೆ ಬಿಡಲು ಹೋದರು. ನಾನು ಕರೆಯದಿದ್ದರೂ ಜೊತೆಗೆ ಹೋದೆ. ಹುಟ್ಟು ಹಾಕುವುದು ನನಗೆ ಬರುತ್ತದೆ. ಎಂಟನೆಯ ತರಗತಿಯವರೆಗೂ ಹಾಕಿದವನು. ಅಷ್ಟು ಹೊತ್ತಿನಲ್ಲಿ ನಾವು ಆಡಿದ ಮಾತು ನಾಲ್ಕೋ ಐದೋ.

ಸೋಮವಾರ ಸಮಿತಿಯ ಎರಡನೆಯ ಸಭೆ. ತಂದೆಯ ತಿದ್ದುಪಡಿಗಳನ್ನು ಒಂದೊಂದಾಗಿ ಮಂಡಿಸಿದೆ. ಎಲ್ಲರೂ ಬೆರಗಾದರು. “ಈ ಹರಿಗೋಲಿನವನು ಸಾಮಾನ್ಯನಲ್ಲ, ಎಲ್ಲಿ ಹಿಡಿದೆಯಯ್ಯ?” ಎಂದು ಅಧ್ಯಕ್ಷ ಕೇಳಿದನು.

“ಅವರು ನನ್ನ ತಂದೆ” ಎಂದೆ.

ಇಷ್ಟು ಸಣ್ಣ ವಾಕ್ಯ. ಮೂರು ವರ್ಷ ಇದನ್ನು ಹೊತ್ತು ತಿರುಗಿದ್ದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕವಿಮಿತ್ರ ಏನೋ ದೊಡ್ಡ ಮಾತು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡನು. ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಖಜಾಂಚಿ ಮಾತ್ರ ಪಟ್ಟಿಯನ್ನು ಎದುರಿಗೆ ಎಳೆದುಕೊಂಡು, “ಒಂದು ರಾತ್ರಿ ಬಲೆ ಬಿಡದಿದ್ದರೆ ಅವರಿಗೆ ಎಷ್ಟು ನಷ್ಟ?” ಎಂದು ಕೇಳಿದನು.

ನನಗೆ ಗೊತ್ತಿರಲಿಲ್ಲ. ಬೇಡಿಕೆ ಪೂರೈಕೆಗಳ ರೇಖೆಗಳನ್ನು ಕಣ್ಣುಮುಚ್ಚಿ ಎಳೆಯಬಲ್ಲೆ. ಯಾವ ದುಡ್ಡಿನಲ್ಲಿ ಓದಿದೆನೋ ಆ ದುಡ್ಡಿನ ಲೆಕ್ಕವನ್ನು ಒಂದು ದಿನವೂ ಕೇಳಿದವನಲ್ಲ. ನಾಚಿಕೆಗೆ ಕಾರಣ ಹುಡುಕುವುದಾದರೆ ಅದು ಇಲ್ಲಿತ್ತು. ನಾನು ಇಷ್ಟು ದಿನ ಬೇರೆಲ್ಲಿಯೋ ಹುಡುಕುತ್ತಿದ್ದೆ. “ಕೇಳಿಕೊಂಡು ಬಾ” ಎಂದು ಖಜಾಂಚಿ ಸಭೆಯನ್ನು ಮುಂದೂಡಿದನು.

ಕೇಳಿದೆ. ತಂದೆ ನಕ್ಕರು. “ಭಾನುವಾರ ಬೇಡ, ಹೋಳಿ ಹುಣ್ಣಿಮೆಯ ದಿನ ಬನ್ನಿ. ಬೆಳದಿಂಗಳಿಗೆ ಮೀನು ಬಲೆಯನ್ನು ಕಾಣುತ್ತದೆ, ಬೀಳುವುದಿಲ್ಲ. ಆ ರಾತ್ರಿ ನನಗೆ ಹೇಗೂ ರಜೆ” ಎಂದರು. ಬೆಳದಿಂಗಳು ಬೇಕೆಂದು ಮೊದಲ ದಿನದಿಂದಲೂ ಕೂಗುತ್ತಿದ್ದ ಕವಿಮಿತ್ರನಿಗೂ ನನ್ನ ತಂದೆಗೂ ಹೀಗೆ ಒಮ್ಮತವಾಯಿತು, ಕಾರಣಗಳು ಬೇರೆಯಾದರೇನು! ಗೆಳೆಯರಿಗೆ ವಿಷಯ ತಿಳಿದಿದೆಯೆಂದು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ದಡದಲ್ಲಿ ಯಾಕೆ? ಕೆಲವು ರಾತ್ರಿ ಆನೆ ಬರುತ್ತದೆ. ಗಾಡಿಯನ್ನು ನಮ್ಮ ಅಂಗಳಕ್ಕೇ ತರಲಿ. ಹಲಸಿನ ಮರದ ಕೆಳಗೆ ನೆಲ ಗಟ್ಟಿಯಿದೆ” ಎಂದರು. ಒಳಗಿನಿಂದ ನನ್ನ ತಾಯಿ, ಶೃಂಗೇರಿಯ ಹುಡುಗನಿಗೆ ಬೇರೆ ಒಲೆ ಹೂಡಿಕೊಡುತ್ತೇನೆ, ಹೊಸ ಮಡಕೆಯನ್ನೇ ತರಿಸುತ್ತೇನೆ ಎಂದಳು. ನಾವು ಗಾಳ ಹಾಕುವುದಕ್ಕೆ ಪ್ರತ್ಯೇಕ ಅನುಮತಿ ಬೇಕೇ ಎಂದು ಇಲಾಖೆಯವರನ್ನು ವಿಚಾರಿಸಿಕೊಂಡು ಬರುವ ಕೆಲಸವನ್ನೂ ತಂದೆಯೇ ವಹಿಸಿಕೊಂಡರು.

ಪರಿಷ್ಕೃತ ಅಂದಾಜು ಪಟ್ಟಿ ಈಗ ನನ್ನ ಮುಂದಿದೆ. ಡೀಸೆಲ್ ಮತ್ತು ಬಸ್ಸು 700, ದಿನಸಿ 600, ಗಾಳ ದಾರ 150, ಬ್ಯಾಟರಿ 100. ತಾಡಪತ್ರಿಯ ಬಾಡಿಗೆ ಇಲ್ಲ. ನಮ್ಮ ಮನೆಯದೇ ಇದೆ. ನನ್ನ ತಂದೆಯದೊಂದು, ಚಿಕ್ಕಪ್ಪನದೊಂದು, ಎರಡು ಹರಿಗೋಲಿಗೆ ತಲಾ 400ರಂತೆ 800. ಇತರೆ 50. ಒಟ್ಟು ಅದೇ 2400. ತಂದೆ ದುಡ್ಡು ಬೇಡವೆಂದರು. ದುಡ್ಡು ತೆಗೆದುಕೊಳ್ಳದಿದ್ದರೆ ಲೆಕ್ಕ ಕೂಡುವುದಿಲ್ಲವೆಂದು ಖಜಾಂಚಿ ಹೇಳಿ ಕಳುಹಿಸಿದ್ದಾನೆ. ಅವನು ಮುಂದೆ ಒಳ್ಳೆಯ ಅಧಿಕಾರಿಯಾಗುತ್ತಾನೆಂಬುದರಲ್ಲಿ ನನಗೆ ಸಂಶಯವಿಲ್ಲ.

ಮೊದಲಿಗೆ ಹೇಳದೆ ಉಳಿಸಿದ ಎರಡನೆಯ ಕಾರಣ ಇದೇ. ಪ್ರವಾಸ ಹೇಗಾದರೂ ಆಗಲಿ, ಗಾಳಕ್ಕೆ ಮೀನು ಬೀಳಲಿ ಬಿಡಲಿ, ಕಾರವಾನಿನೊಳಗೆ ಸೊಳ್ಳೆ ಕಚ್ಚಲಿ. ನಾನು ಹೋಗಬೇಕಾಗಿದ್ದ ದೂರವನ್ನು ಆಗಲೇ ಹೋಗಿ ಬಂದಿದ್ದೇನೆ. ಅದಕ್ಕೆ ಡೀಸೆಲ್ ಬೇಕಾಗಲಿಲ್ಲ.

ಕಳೆದ ವಾರ ಕಚೇರಿಯಲ್ಲಿ ಕೊನೆಯ ಪರೀಕ್ಷೆಯ ಅರ್ಜಿಯನ್ನು ಕೊಟ್ಟರು. “ತಂದೆಯ ಉದ್ಯೋಗ” ಎಂಬ ಸಾಲು ಅದರಲ್ಲಿ ಇರಲಿಲ್ಲ. ಇದ್ದೀತೆಂದು ಎರಡು ಬಾರಿ ತಿರುವಿ ನೋಡಿದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಮೀನುಗಾರಿಕೆ.